ಪೊಟಿಲಿಖಾ ಶಾಲೆಯ ಗಣಿತ ಮೇಷ್ಟ್ರು

ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುತ್ತಿದ್ದೆ. 10 ಸಲ ನಾಣ್ಯ ಚಿಮ್ಮಿದಾಗ 7 ಸಲ ತಲೆ ಬಿತ್ತು. ಹಾಗಾದರೆ ಪುಸ್ತಕದ ಅರ್ಧ ತಪ್ಪೇ ಎಂದು ಹುಡುಗಿಯೊಬ್ಬಳು ಕೇಳಿದಳು. ಇನ್ನೂ ಹೆಚ್ಚು ಸಲ ಚಿಮ್ಮಬೇಕು ಎಂದೇನೋ ಹೇಳಿದೆ, ಆದರೆ ಯಾಕೆಂದು ವಿವರಿಸಲಾಗಲಿಲ್ಲ. ಆ 'ಯಾಕೆ'ಯ ಬೆನ್ನು ಹತ್ತಿದಾಗ ಸಿಕ್ಕವರು ಆಂಡ್ರೇ ಕೊಲ್ಮೊಗೊರೊವ್.

ಅವರು ಹುಟ್ಟಿದ್ದು 1903ರಲ್ಲಿ, ರಷ್ಯಾದ ತಂಬೋವ್‌ನಲ್ಲಿ. ಹೆರಿಗೆಯಲ್ಲೇ ತಾಯಿ ತೀರಿಕೊಂಡರು. ಸಾಕಿದ್ದು ತಾಯಿಯ ಸೋದರಿ ವೆರಾ. 1, 3, 5 ಎಂದು ಬೆಸಸಂಖ್ಯೆಗಳನ್ನು ಕೂಡಿಸುತ್ತ ಹೋದರೆ 1, 4, 9 ಎಂದು ವರ್ಗಸಂಖ್ಯೆಗಳೇ ಬರುತ್ತವೆ ಎಂಬುದನ್ನು ಐದಾರು ವರ್ಷಕ್ಕೇ ತಾವಾಗಿ ಕಂಡುಕೊಂಡಿದ್ದರು.

1920ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯ ಸೇರಿದರು. ಹಸಿವಿನ ಕಾಲ ಅದು. ಎರಡನೇ ವರ್ಷದವರಿಗೆ ತಿಂಗಳಿಗೆ 16 ಕಿಲೋ ಬ್ರೆಡ್, 1 ಕಿಲೋ ಬೆಣ್ಣೆ ಸಿಗುತ್ತಿತ್ತು. ಇವರು ಮೊದಲ ವರ್ಷದ ಪರೀಕ್ಷೆಗಳನ್ನು ಬೇಗ ಬೇಗ ಮುಗಿಸಿಬಿಟ್ಟರು! 1922ರಲ್ಲಿ ಫೂರಿಯೆ ಶ್ರೇಣಿಯ ಬಗ್ಗೆ ಕಂಡುಹಿಡಿದ ಫಲಿತಾಂಶ 19ರ ಹರೆಯದಲ್ಲೇ ಹೆಸರು ತಂದಿತು. ಅದೇ ವರ್ಷ ಅವರು ಪೊಟಿಲಿಖಾದ ಪ್ರಾಯೋಗಿಕ ಶಾಲೆಗೆ ಮೇಷ್ಟ್ರಾಗಿ ಸೇರಿ, 1925ರವರೆಗೆ ಗಣಿತ, ಭೌತಶಾಸ್ತ್ರ ಕಲಿಸಿದರು. ಶಾಲಾ ಮಂಡಳಿಯ ಕಾರ್ಯದರ್ಶಿಯ ಕೆಲಸವೂ ಅವರದೇ. ಒಂದು ಪಾಠ ಯೋಜನೆ ಬರೆಯುವಷ್ಟರಲ್ಲಿ ಸುಸ್ತಾಗುವ ನಮಗೆ ಇದು ನಂಬಲು ಕಷ್ಟ.

1925ರಲ್ಲಿ ಲೂಝಿನ್ ಅವರ ಬಳಿ ಸಂಶೋಧನಾ ವಿದ್ಯಾರ್ಥಿಯಾದರು. ಖಿಂಚಿನ್ ಜೊತೆ ಬರೆದ ಸಂಭವನೀಯತೆಯ ಮೊದಲ ಲೇಖನ ಬಂದದ್ದೂ ಆಗಲೇ. ಪರೀಕ್ಷೆಯ ಬದಲು ಸ್ವಂತ ಸಂಶೋಧನಾ ಲೇಖನ ಕೊಡಲು ಅವಕಾಶವಿತ್ತು. ಇವರು 14 ಪರೀಕ್ಷೆಗಳಿಗೂ ಲೇಖನವನ್ನೇ ಕೊಟ್ಟರು. ಆ ವರ್ಷಗಳ ಮುಖ್ಯ ವಿಷಯ ನನ್ನ ವಿದ್ಯಾರ್ಥಿನಿಯ ಪ್ರಶ್ನೆಯೇ. ನಾಣ್ಯದ ಮಟ್ಟಿಗೆ ಬರ್ನೂಲಿ ಹಿಂದೆಯೇ ಉತ್ತರ ಕೊಟ್ಟಿದ್ದರು. ಒಂದಕ್ಕೊಂದು ಸಂಬಂಧವಿಲ್ಲದ, ಒಂದೇ ಬಗೆಯದೂ ಅಲ್ಲದ ಪ್ರಯೋಗಗಳ ಸರಾಸರಿ ಯಾವ ಷರತ್ತಿನಲ್ಲಿ ಸ್ಥಿರಕ್ಕೆ ಬರುತ್ತದೆ ಎಂಬುದನ್ನು ಕೊಲ್ಮೊಗೊರೊವ್ ತೋರಿಸಿದರು. 1933ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಪುಟ್ಟ ಪುಸ್ತಕ ಇಡೀ ವಿಷಯವನ್ನು ಕೆಲವೇ ನಿಯಮಗಳ ಮೇಲೆ ನಿಲ್ಲಿಸಿತು. ಸಂಭವನೀಯತೆ ಸೊನ್ನೆಗಿಂತ ಕಡಿಮೆಯಾಗದು, ಒಟ್ಟು 1 ಎಂದು ನಾವು ಬೋರ್ಡಿನ ಮೇಲೆ ಬರೆಯುವುದು ಅವನ್ನೇ.

ಮೇಷ್ಟ್ರುತನ ಅವರನ್ನು ಬಿಡಲಿಲ್ಲ. 1963ರಲ್ಲಿ ಮಾಸ್ಕೋದಲ್ಲಿ ವಸತಿ ಶಾಲೆ ಕಟ್ಟಿ ತಾವೇ ಪಾಠ ಮಾಡಿದರು. ಆದರೆ ಅವರ ಮುಂದಾಳತ್ವದಲ್ಲಿ ಬಂದ ಶಾಲಾ ಗಣಿತ ಪುಸ್ತಕಗಳು ಗಣಗಳ ಭಾಷೆಯಿಂದ ಭಾರವಾಗಿ, 1978ರ ಹೊತ್ತಿಗೆ ಕಟು ಟೀಕೆಗೆ ಗುರಿಯಾದವು. ಮೂರು ವರ್ಷ ಶಾಲೆಯಲ್ಲಿ ಕಲಿಸಿದ್ದವರಿಗೇ ಮಕ್ಕಳ ಅಳತೆ ತಪ್ಪಿತಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ. 1987ರಲ್ಲಿ ಅವರು ತೀರಿಕೊಂಡರು. ಆ ವಸತಿ ಶಾಲೆಗೆ ಈಗ ಅವರದೇ ಹೆಸರು.