ರಾಬರ್ಟ್ ವೈಟ್‌ಬ್ರೆಕ್ಟ್

ರಾಬರ್ಟ್ ಎಚ್. ವೈಟ್‌ಬ್ರೆಕ್ಟ್ (ಏಪ್ರಿಲ್ 11, 1920 – ಮೇ 30, 1983) ಅಮೆರಿಕ ಸಂಯುಕ್ತ ಸಂಸ್ಥಾನದ ಭೌತವಿಜ್ಞಾನಿ, ಖಗೋಳಶಾಸ್ತ್ರಜ್ಞ ಹಾಗೂ ಎಲೆಕ್ಟ್ರಾನಿಕ್ಸ್ ತಜ್ಞರು. ಸ್ವತಃ ಕಿವುಡರಾಗಿದ್ದ ಇವರು, ಟೆಲಿಪ್ರಿಂಟರ್‌ನಲ್ಲಿ ಬೆರಳಚ್ಚಿಸಿದ ಅಕ್ಷರಗಳನ್ನು ಶಬ್ದಸಂಕೇತಗಳಾಗಿ ಪರಿವರ್ತಿಸಿ ಸಾಮಾನ್ಯ ದೂರವಾಣಿಯ ಮೂಲಕ ಕಳುಹಿಸುವ ಮೋಡೆಮ್ ಅನ್ನು 1964ರಲ್ಲಿ ರೂಪಿಸಿದರು. ಟಿಟಿವೈ ಅಥವಾ ಪಠ್ಯ ದೂರವಾಣಿ ಎಂದು ಪ್ರಸಿದ್ಧವಾದ ಸಾಧನಕ್ಕೆ ಈ ಆವಿಷ್ಕಾರವೇ ತಳಹದಿಯಾಯಿತು. ಕೇಳಬಲ್ಲ ಮತ್ತೊಬ್ಬರ ನೆರವಿಲ್ಲದೆ ಕಿವುಡರು ತಾವೇ ದೂರವಾಣಿ ಕರೆ ಮಾಡಲು, ಮುಂದೆ ಆನ್ಸರಿಂಗ್ ಮೆಷಿನ್ ಮತ್ತು ವಾಯ್ಸ್‌ಮೇಲ್‌ಗಳಲ್ಲಿ ಸಂದೇಶ ಬಿಡಲು ಇದರಿಂದ ಸಾಧ್ಯವಾಯಿತು.

ಬಾಲ್ಯ ಮತ್ತು ಶಿಕ್ಷಣ

ವೈಟ್‌ಬ್ರೆಕ್ಟ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಆರೆಂಜ್ ಪಟ್ಟಣದಲ್ಲಿ ಜನಿಸಿದರು. ಕೇಳುವ ಮಕ್ಕಳ ನಡುವೆ ಸಾಮಾನ್ಯ ಶಾಲೆಗಳಲ್ಲಿಯೇ ಅವರ ವಿದ್ಯಾಭ್ಯಾಸ ನಡೆಯಿತು. ತುಟಿಗಳ ಚಲನೆಯನ್ನು ಗಮನಿಸಿ ಮಾತನ್ನು ಗ್ರಹಿಸುವುದನ್ನು ಅವರು ರೂಢಿಸಿಕೊಂಡಿದ್ದರು. ಚಿಕ್ಕ ವಯಸ್ಸಿನಲ್ಲಿಯೇ ಆಕಾಶವೀಕ್ಷಣೆ ಮತ್ತು ರೇಡಿಯೊ ಉಪಕರಣಗಳಲ್ಲಿ ಆಸಕ್ತಿ ಬೆಳೆದು, ಹವ್ಯಾಸಿ ರೇಡಿಯೊ ಬಳಕೆದಾರರಾದರು. 1942ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಖಗೋಳವಿಜ್ಞಾನದಲ್ಲಿ ಪದವಿ ಪಡೆದರು. ಮುಂದೆ 1957ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಅದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು.

ವೃತ್ತಿಜೀವನ

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ವೈಟ್‌ಬ್ರೆಕ್ಟ್ ಬರ್ಕಲಿಯ ವಿಕಿರಣ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿಯಾಗಿ ಕೆಲಸ ಮಾಡಿದರು. ಬಳಿಕ ಪಾಯಿಂಟ್ ಮುಗುವಿನಲ್ಲಿದ್ದ ಅಮೆರಿಕದ ನೌಕಾಪಡೆಯ ಕ್ಷಿಪಣಿ ಪರೀಕ್ಷಾ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ಸ್ ವಿಜ್ಞಾನಿಯಾಗಿದ್ದರು. ವಿಸ್ಕಾನ್ಸಿನ್ ರಾಜ್ಯದಲ್ಲಿರುವ, ಆಗ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಯರ್ಕೀಸ್ ವೀಕ್ಷಣಾಲಯದಲ್ಲಿ ಖಗೋಳ ವೀಕ್ಷಣೆಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸದಲ್ಲಿ ತೊಡಗಿದರು. 1958ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಈ ವರ್ಷಗಳಲ್ಲೆಲ್ಲ ಹವ್ಯಾಸಿ ರೇಡಿಯೊದ ನಂಟು ಮುಂದುವರಿದಿತ್ತು. 1950ರ ದಶಕದಲ್ಲಿ ಅವರು ಹಳೆಯ ಟೆಲಿಪ್ರಿಂಟರ್ ಒಂದನ್ನು ರೇಡಿಯೊಗೆ ಜೋಡಿಸಿ, ದೂರದ ಹವ್ಯಾಸಿಗಳೊಡನೆ ಬರಹದ ಮೂಲಕ ಸಂಭಾಷಿಸುತ್ತಿದ್ದರು. ಎದುರು ಕುಳಿತವರ ತುಟಿಗಳನ್ನು ನೋಡದೆಯೂ ದೂರದವರೊಡನೆ ನೇರವಾಗಿ ಮಾತುಕತೆ ನಡೆಸಲು ಅವರಿಗೆ ಇದು ದಾರಿಯಾಗಿತ್ತು. ಆದರೆ ಇದಕ್ಕೆ ಪರವಾನಗಿ, ಉಪಕರಣ ಹಾಗೂ ತಾಂತ್ರಿಕ ಜ್ಞಾನ ಬೇಕಿದ್ದುದರಿಂದ ಸಾಮಾನ್ಯ ಜನರ ಕೈಗೆ ಅದು ನಿಲುಕುವಂತಿರಲಿಲ್ಲ.

ಕಿವುಡರು ಮತ್ತು ದೂರವಾಣಿ

1876ರಲ್ಲಿ ದೂರವಾಣಿಯ ಹಕ್ಕುಸ್ವಾಮ್ಯ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಶಿಕ್ಷಕರಾಗಿದ್ದರು. ಅವರ ತಾಯಿಗೆ ಶ್ರವಣದೋಷವಿತ್ತು. ಪತ್ನಿ ಮೇಬಲ್ ಬಾಲ್ಯದಲ್ಲಿಯೇ ಕೇಳುವ ಶಕ್ತಿಯನ್ನು ಕಳೆದುಕೊಂಡಿದ್ದರು. ಆದರೂ ಆ ಉಪಕರಣ ಕಿವುಡರನ್ನು ಹೊರಗಿಟ್ಟಿತು. ಮನೆಮನೆಗೂ ದೂರವಾಣಿ ಬಂದಂತೆಲ್ಲ ವ್ಯಾಪಾರ, ಉದ್ಯೋಗ, ವೈದ್ಯಕೀಯ ನೆರವು ಎಲ್ಲವೂ ಅದನ್ನೇ ಅವಲಂಬಿಸತೊಡಗಿದವು. ಕಿವುಡರು ವೈದ್ಯರನ್ನು ಕರೆಯಬೇಕಾದರೂ ನೆರೆಯವರನ್ನೋ, ಕೇಳಬಲ್ಲ ತಮ್ಮ ಮಕ್ಕಳನ್ನೋ ಬೇಡಬೇಕಾಗುತ್ತಿತ್ತು. ಮನೆಯ ಗುಟ್ಟುಗಳೂ ಹಣಕಾಸಿನ ವಿಷಯಗಳೂ ಮೂರನೆಯವರ ಬಾಯಿಯಿಂದಲೇ ಹೋಗಬೇಕಿತ್ತು. 1964ರಲ್ಲಿ ಎಟಿ ಅಂಡ್ ಟಿ ಸಂಸ್ಥೆ ನ್ಯೂಯಾರ್ಕ್‌ನ ವಿಶ್ವಮೇಳದಲ್ಲಿ ಚಿತ್ರದೂರವಾಣಿಯನ್ನು ಪ್ರದರ್ಶಿಸಿತಾದರೂ, ಅದರ ದುಬಾರಿ ದರದಿಂದಾಗಿ ಅದು ಜನಬಳಕೆಗೆ ಬರಲಿಲ್ಲ.

ಮೋಡೆಮ್‌ನ ಆವಿಷ್ಕಾರ

ಪಸಡೀನಾ ನಗರದಲ್ಲಿ ದಂತವೈದ್ಯರಾಗಿದ್ದ ಕಿವುಡ ಜೇಮ್ಸ್ ಮಾರ್ಸ್ಟರ್ಸ್ ಅವರಿಗೆ ವೈಟ್‌ಬ್ರೆಕ್ಟ್ ಅವರ ರೇಡಿಯೊ ಟೆಲಿಪ್ರಿಂಟರ್‌ನ ವಿಷಯ ತಿಳಿಯಿತು. ರೇಡಿಯೊದ ಬದಲು ದೂರವಾಣಿ ತಂತಿಯಲ್ಲಿಯೇ ಇದನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ಅವರು ಮುಂದಿಟ್ಟರು ಹಾಗೂ ಟೆಲಿಪ್ರಿಂಟರ್ ಒಂದನ್ನು ಒದಗಿಸಿದರು. ಉದ್ಯಮಿ ಆಂಡ್ರ್ಯೂ ಸ್ಯಾಕ್ಸ್ ಇವರ ಜೊತೆಗೂಡಿದರು. ಸ್ಯಾಕ್ಸ್ ಅವರೂ ಕಿವುಡರೇ.

ಇವರ ಮುಂದೆ ತಾಂತ್ರಿಕ ಅಡ್ಡಿಗಿಂತ ಮೊದಲು ನಿಯಮದ ಅಡ್ಡಿಯಿತ್ತು. ತನ್ನ ಜಾಲಕ್ಕೆ ಹೊರಗಿನವರು ತಯಾರಿಸಿದ ಯಾವುದೇ ಉಪಕರಣವನ್ನು ತಂತಿಯಿಂದ ಜೋಡಿಸಲು ಎಟಿ ಅಂಡ್ ಟಿ ಅವಕಾಶ ಕೊಡುತ್ತಿರಲಿಲ್ಲ. ವೈಟ್‌ಬ್ರೆಕ್ಟ್ ತಂತಿಯನ್ನು ಮುಟ್ಟಲೇ ಇಲ್ಲ. ದೂರವಾಣಿಯ ರಿಸೀವರ್ ಅನ್ನು ಎರಡು ಗುಳಿಗಳಿರುವ ತೊಟ್ಟಿಲಿನಂತಹ ಪೀಠದ ಮೇಲೆ ಇರಿಸುವ ಏರ್ಪಾಡು ಮಾಡಿದರು. ಪೀಠದೊಳಗಿನ ಪುಟ್ಟ ಸ್ಪೀಕರ್, ಅಕ್ಷರಗಳ ಸಂಕೇತವನ್ನು ಶಬ್ದವಾಗಿ ರಿಸೀವರ್‌ನ ಬಾಯಿಯ ಬದಿಗೆ ಕೇಳಿಸುತ್ತಿತ್ತು; ಕಿವಿಯ ಬದಿಯಲ್ಲಿದ್ದ ಮೈಕ್ರೊಫೋನ್ ಎದುರಿನಿಂದ ಬಂದ ಶಬ್ದವನ್ನು ಹಿಡಿದು ಟೆಲಿಪ್ರಿಂಟರ್‌ಗೆ ಒಪ್ಪಿಸುತ್ತಿತ್ತು. ದೂರವಾಣಿ ಜಾಲದ ಪಾಲಿಗೆ ಅದೂ ಒಂದು ಮಾತುಕತೆಯೇ ಆಗಿತ್ತು.

ದೂರದ ಕರೆಗಳಲ್ಲಿ ಹುಟ್ಟುವ ಪ್ರತಿಧ್ವನಿ ಮತ್ತು ಗದ್ದಲದಿಂದ ಅಕ್ಷರಗಳು ಕಲಸಿಹೋಗುತ್ತಿದ್ದುದು ಮುಂದಿನ ತೊಡಕು. ಅದನ್ನು ತಡೆಯುವ ವಿದ್ಯುನ್ಮಂಡಲವನ್ನು ವೈಟ್‌ಬ್ರೆಕ್ಟ್ ರೂಪಿಸಿದರು. 1964ರ ಮೇ ತಿಂಗಳಲ್ಲಿ ಪಸಡೀನಾದ ಮಾರ್ಸ್ಟರ್ಸ್ ಮತ್ತು ರೆಡ್‌ವುಡ್ ಸಿಟಿಯ ವೈಟ್‌ಬ್ರೆಕ್ಟ್ ನಡುವೆ ಈ ವಿಧಾನದ ಮೊದಲ ದೂರದ ಕರೆ ನಡೆಯಿತು. ಆರಂಭದಲ್ಲಿ ಅರ್ಥವಾಗದ ಅಕ್ಷರಗಳು ಮೂಡಿದವು. ಹಲವು ಪ್ರಯತ್ನಗಳ ಬಳಿಕ ಸ್ಪಷ್ಟವಾದ ಪದಗಳು ಕಾಗದದ ಮೇಲೆ ಬಂದವು. ಈ ಸಾಧನಕ್ಕೆ 1970ರಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ದೊರೆಯಿತು.

ಕಾರ್ಯವಿಧಾನ

ಟಿಟಿವೈ ಐದು ಬಿಟ್‌ಗಳ ಬೋಡೊ ಸಂಕೇತವನ್ನು ಬಳಸುತ್ತದೆ. ಅಮೆರಿಕದ ರೂಢಿಯಲ್ಲಿ 1400 ಹರ್ಟ್ಸ್‌ನ ಶಬ್ದ ಒಂದನ್ನೂ, 1800 ಹರ್ಟ್ಸ್‌ನ ಶಬ್ದ ಸೊನ್ನೆಯನ್ನೂ ಸೂಚಿಸುತ್ತದೆ. ವೇಗ ಸೆಕೆಂಡಿಗೆ 45.45 ಬಿಟ್, ಅಂದರೆ ಸೆಕೆಂಡಿಗೆ ಸುಮಾರು ಆರು ಅಕ್ಷರ, ನಿಮಿಷಕ್ಕೆ ಸುಮಾರು 60 ಪದ. ಐದು ಬಿಟ್‌ಗಳಿಂದ ದೊರೆಯುವ ಸಂಯೋಜನೆಗಳು 32 ಮಾತ್ರ. ಆದ್ದರಿಂದ ಒಂದೇ ಸಂಕೇತ ಅಕ್ಷರಕ್ಕೂ ಅಂಕಿಗೂ ಬಳಕೆಯಾಗುತ್ತದೆ. ಯಾವುದೆಂದು ತಿಳಿಸಲು ಪ್ರತ್ಯೇಕವಾದ ಬದಲಾವಣೆಯ ಸಂಕೇತವಿದೆ.

ಇಬ್ಬರೂ ಒಮ್ಮೆಗೇ ಬೆರಳಚ್ಚಿಸಿದರೆ ಶಬ್ದಗಳು ಬೆರೆತು ಬರಹ ಕೆಡುವುದರಿಂದ, ಸರದಿಯಂತೆ ಬರೆಯುವ ಪದ್ಧತಿ ಬೆಳೆಯಿತು. ತನ್ನ ಮಾತು ಮುಗಿದು ಎದುರಿನವರ ಸರದಿ ಬಂದಾಗ ‘ಜಿಎ’ ಎಂದೂ, ಕರೆ ಮುಗಿಸುವಾಗ ‘ಎಸ್‌ಕೆ’ ಎಂದೂ ಬರೆಯಲಾಗುತ್ತಿತ್ತು. ಗಂಟೆಯ ಸದ್ದು ಕೇಳಿಸದ ಕಾರಣ, ಕರೆ ಬಂದಾಗ ದೀಪ ಮಿನುಗುವಂತೆ ಮನೆಗಳಲ್ಲಿ ವ್ಯವಸ್ಥೆ ಮಾಡಿಕೊಳ್ಳಲಾಗುತ್ತಿತ್ತು.

ಸಂಸ್ಥೆ ಮತ್ತು ಪ್ರಸಾರ

ವೈಟ್‌ಬ್ರೆಕ್ಟ್, ಮಾರ್ಸ್ಟರ್ಸ್ ಮತ್ತು ಸ್ಯಾಕ್ಸ್ ಸೇರಿ ಅಪ್ಲೈಡ್ ಕಮ್ಯುನಿಕೇಷನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ನಡೆಸಿದರು. ಇದರ ಮೋಡೆಮ್ ‘ಫೋನ್‌ಟೈಪ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಮೋಡೆಮ್ ಇದ್ದರೂ ಅದಕ್ಕೆ ಜೋಡಿಸುವ ಟೆಲಿಪ್ರಿಂಟರ್ ಸಿಗುವುದು ಕಷ್ಟವಾಗಿತ್ತು. ಬಳಕೆ ಮುಗಿದ ಟೆಲಿಪ್ರಿಂಟರ್‌ಗಳನ್ನು ದೂರಸಂಪರ್ಕ ಸಂಸ್ಥೆಗಳು ಗುಜರಿಗೆ ಹಾಕುತ್ತಿದ್ದವು. 1968ರಲ್ಲಿ ಎಟಿ ಅಂಡ್ ಟಿ ಮತ್ತು ಕಿವುಡರಿಗಾಗಿರುವ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸಂಘದ ನಡುವೆ ಒಪ್ಪಂದವಾಗಿ, ಅಂತಹ ಯಂತ್ರಗಳು ಕಿವುಡರಿಗೆ ದೊರೆಯಲಾರಂಭಿಸಿದವು. ಇವುಗಳನ್ನು ಹಂಚಲು ಮತ್ತು ದುರಸ್ತಿಗೊಳಿಸಲು ಅದೇ ವರ್ಷ ಟೆಲಿಟೈಪ್‌ರೈಟರ್ಸ್ ಫಾರ್ ದಿ ಡೆಫ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಕಿವುಡ ಸ್ವಯಂಸೇವಕರು ಭಾರವಾದ ಯಂತ್ರಗಳನ್ನು ಹೊತ್ತು ತಂದು, ಬಿಚ್ಚಿ ಸರಿಪಡಿಸಿ ಮನೆಗಳಿಗೆ ತಲುಪಿಸಿದರು. ಟಿಟಿವೈ ಉಳ್ಳವರ ದೂರವಾಣಿ ಸಂಖ್ಯೆಗಳ ಕೈಪಿಡಿಯನ್ನೂ ಈ ಸಂಸ್ಥೆ ಪ್ರಕಟಿಸಿತು.

1968ರಲ್ಲಿಯೇ ಅಮೆರಿಕದ ಸಂಪರ್ಕ ಆಯೋಗವು ಕಾರ್ಟರ್‌ಫೋನ್ ಪ್ರಕರಣದಲ್ಲಿ ನೀಡಿದ ತೀರ್ಪು, ಹೊರಗಿನ ಉಪಕರಣಗಳನ್ನು ದೂರವಾಣಿ ಜಾಲಕ್ಕೆ ಜೋಡಿಸುವ ದಾರಿಯನ್ನು ತೆರೆಯಿತು. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಪರದೆಯುಳ್ಳ ಹಗುರವಾದ, ಕೈಯಲ್ಲಿ ಒಯ್ಯಬಲ್ಲ ಮಾದರಿಗಳು ಬಂದವು. ಹೊಸ ಯಂತ್ರಗಳೂ ಹಳೆಯವುಗಳೊಡನೆ ಮಾತನಾಡಬೇಕಿದ್ದುದರಿಂದ, ಕಂಪ್ಯೂಟರ್‌ಗಳು ಆಸ್ಕಿ ಸಂಕೇತಕ್ಕೆ ಹೊರಳಿದ ಮೇಲೂ ಟಿಟಿವೈಗಳಲ್ಲಿ ಬೋಡೊ ಸಂಕೇತವೇ ಉಳಿಯಿತು.

ವಾಯ್ಸ್‌ಮೇಲ್‌ನಲ್ಲಿ ಪಠ್ಯ ಸಂದೇಶ

ಟಿಟಿವೈಯ ಸಂಕೇತ ಕಿವಿಗೆ ಕೇಳುವ ಶಬ್ದವೇ ಆದ್ದರಿಂದ, ಮಾತನ್ನು ಮುದ್ರಿಸಿಕೊಳ್ಳುವ ಟೇಪು ಅದನ್ನೂ ಮುದ್ರಿಸಿಕೊಳ್ಳಬಲ್ಲದು. ಮನೆಯಲ್ಲಿ ಇಲ್ಲದ ವೇಳೆ ಬಂದ ಕರೆಯ ಶಬ್ದಗಳನ್ನು ಸಾಧಾರಣ ಆನ್ಸರಿಂಗ್ ಮೆಷಿನ್‌ನ ಕ್ಯಾಸೆಟ್ ಹಿಡಿದಿಡುತ್ತಿತ್ತು. ಹಿಂದಿರುಗಿದ ಮೇಲೆ ಆ ಶಬ್ದವನ್ನು ಟಿಟಿವೈಗೆ ಕೇಳಿಸಿದರೆ ಸಂದೇಶ ಅಕ್ಷರಗಳಾಗಿ ಮೂಡುತ್ತಿತ್ತು. ಸ್ವಾಗತ ಸಂದೇಶವನ್ನೂ ಟಿಟಿವೈಯಲ್ಲಿ ಬೆರಳಚ್ಚಿಸಿ ಮುದ್ರಿಸಿಡಬಹುದಿತ್ತು. ಮುಂದೆ ತಾವೇ ಕರೆಗೆ ಉತ್ತರಿಸಿ ಸಂದೇಶವನ್ನು ಸ್ಮೃತಿಯಲ್ಲಿ ಉಳಿಸಿಕೊಳ್ಳುವ ಟಿಟಿವೈಗಳೂ ಬಂದವು.

ಧ್ವನಿ ಅಂಚೆ ಅಥವಾ ವಾಯ್ಸ್‌ಮೇಲ್ ವ್ಯವಸ್ಥೆಗಳು ಹರಡಿದಾಗ ಹೊಸ ತೊಡಕುಗಳು ಎದುರಾದವು. ಯಾವ ಗುಂಡಿ ಒತ್ತಬೇಕೆಂಬ ಸೂಚನೆ ಧ್ವನಿಯಲ್ಲಿ ಬರುತ್ತಿತ್ತು. ಸಂದೇಶ ಆರಂಭಿಸಬೇಕಾದ ಬೀಪ್ ಸದ್ದು ಕಿವುಡರಿಗೆ ತಿಳಿಯುತ್ತಿರಲಿಲ್ಲ. ಬೀಪ್‌ಗೆ ಮೊದಲೇ ಬೆರಳಚ್ಚಿಸತೊಡಗಿದರೆ ಆರಂಭದ ಮಾತು ಮುದ್ರಣವಾಗುತ್ತಿರಲಿಲ್ಲ. ಬೆರಳಚ್ಚು ನಿಂತ ಕೂಡಲೇ ಟಿಟಿವೈಯ ಶಬ್ದವೂ ನಿಲ್ಲುವುದರಿಂದ, ಮೌನವನ್ನು ಕರೆಯ ಮುಕ್ತಾಯವೆಂದು ಭಾವಿಸುವ ವ್ಯವಸ್ಥೆಗಳು ನಿಧಾನವಾಗಿ ಬರೆಯುವವರ ಕರೆಯನ್ನು ನಡುವೆಯೇ ಕಡಿದುಹಾಕಬಹುದಿತ್ತು. ಹೊಸ ಸಂದೇಶ ಬಂದಿರುವುದನ್ನು ತಿಳಿಸುವ ತುಂಡುತುಂಡಾದ ಡಯಲ್ ಸದ್ದಿನ ಬದಲು ದೀಪದ ಸೂಚಕ ಬೇಕಾಯಿತು.

ಧ್ವನಿಯನ್ನು ಅಡಕಗೊಳಿಸುವ ಡಿಜಿಟಲ್ ವಿಧಾನಗಳು ಮನುಷ್ಯರ ಮಾತಿಗೆ ಹೊಂದುವಂತೆ ರೂಪುಗೊಂಡವು. ಮಾತಿನಲ್ಲಿ ಒಂದು ಕ್ಷಣದ ಶಬ್ದ ನಷ್ಟವಾದರೂ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಟಿಟಿವೈಯಲ್ಲಿ ಬದಲಾವಣೆಯ ಒಂದು ಸಂಕೇತ ತಪ್ಪಿದರೂ ಅದರ ಮುಂದಿನ ಅಕ್ಷರಗಳು ಅಂಕಿಗಳಾಗಿ ಬಿಡುತ್ತವೆ: ಟಿ, ಆರ್, ವೈ ಎಂಬ ಇಂಗ್ಲಿಷ್ ಅಕ್ಷರಗಳು 5, 4, 6 ಎಂದು ಕಾಣುತ್ತವೆ. ಮಾತಿನ ಜಾಲದೊಳಗೆ ಮಾತಿನಂತೆಯೇ ಸಾಗುವ ವೈಟ್‌ಬ್ರೆಕ್ಟ್ ಅವರ ವಿಧಾನದ ಬಲವೇ ಇಲ್ಲಿ ಅದರ ಮಿತಿಯೂ ಆಯಿತು. ಅಮೆರಿಕದ 1996ರ ದೂರಸಂಪರ್ಕ ಕಾಯಿದೆಯ ಅಡಿಯಲ್ಲಿ 1999ರಲ್ಲಿ ಸಂಪರ್ಕ ಆಯೋಗ ರೂಪಿಸಿದ ನಿಯಮಗಳು, ವಾಯ್ಸ್‌ಮೇಲ್ ಮತ್ತು ಧ್ವನಿಸೂಚನೆಯ ವ್ಯವಸ್ಥೆಗಳನ್ನೂ ಅಂಗವಿಕಲರ ಬಳಕೆಗೆ ಸುಲಭಗೊಳಿಸಬೇಕೆಂಬ ಹೊಣೆಯ ವ್ಯಾಪ್ತಿಗೆ ತಂದವು.

ಭಾರತದ ಸಂದರ್ಭ

ಟಿಟಿವೈ ಅಮೆರಿಕದಲ್ಲಿ ಬೆಳೆದ ಕಾಲದಲ್ಲಿ ಭಾರತದ ಬಹುಪಾಲು ಮನೆಗಳಲ್ಲಿ ದೂರವಾಣಿಯೇ ಇರಲಿಲ್ಲ. ಜೊತೆಗೆ ಅಮೆರಿಕದ ಟಿಟಿವೈಯ ಸಂಕೇತದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗೆ ಮಾತ್ರ ಸ್ಥಳವಿತ್ತು. ಸ್ವರ, ವ್ಯಂಜನ, ಗುಣಿತಾಕ್ಷರ ಹಾಗೂ ಒತ್ತಕ್ಷರಗಳುಳ್ಳ ಕನ್ನಡ ಬರಹ ಅದರಲ್ಲಿ ಹಿಡಿಸುವಂತಿರಲಿಲ್ಲ. ಕನ್ನಡದೊಡನೆ ಮರಾಠಿಯೂ ಬಳಕೆಯಲ್ಲಿರುವ ಕಾಗವಾಡ, ಅಥಣಿ, ನಿಪ್ಪಾಣಿಗಳಂತಹ ಗಡಿಭಾಗದಲ್ಲಿ ಎರಡು ಲಿಪಿಗಳ ಅಗತ್ಯ ಬೀಳುತ್ತದೆ. ಭಾರತದಲ್ಲಿ 1995ರಲ್ಲಿ ಮೊಬೈಲ್ ಸೇವೆ ಆರಂಭವಾದ ಬಳಿಕ ಎಸ್ಎಂಎಸ್, ಆ ಮೇಲೆ ಸಂದೇಶದ ಆ್ಯಪ್‌ಗಳು ಹಾಗೂ ಸನ್ನೆಭಾಷೆಗೆ ಒದಗುವ ವಿಡಿಯೊ ಕರೆಗಳು ಬಂದವು. ಯೂನಿಕೋಡ್ ಬಳಕೆಯಿಂದ ಕನ್ನಡದಲ್ಲಿಯೂ ಸಂದೇಶ ಬರೆಯುವುದು ಸುಲಭವಾಯಿತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ವಾಕ್ ಹಾಗೂ ಶ್ರವಣದೋಷಗಳ ಚಿಕಿತ್ಸೆ, ಶಿಕ್ಷಣ ಮತ್ತು ಸಂಶೋಧನೆಯಲ್ಲಿ ತೊಡಗಿದೆ.

ನಿಧನ ಮತ್ತು ಪರಂಪರೆ

1983ರಲ್ಲಿ ತಮ್ಮ ನಾಯಿಯೊಡನೆ ರಸ್ತೆ ದಾಟುತ್ತಿದ್ದಾಗ ಕಾರು ಡಿಕ್ಕಿ ಹೊಡೆದು ವೈಟ್‌ಬ್ರೆಕ್ಟ್ ತೀವ್ರವಾಗಿ ಗಾಯಗೊಂಡರು. ಮೇ 30ರಂದು ತಮ್ಮ 63ನೆಯ ವಯಸ್ಸಿನಲ್ಲಿ ನಿಧನರಾದರು. ಸ್ಯಾಕ್ಸ್ 1989ರಲ್ಲಿ, ಮಾರ್ಸ್ಟರ್ಸ್ 2009ರಲ್ಲಿ ತೀರಿಕೊಂಡರು.

ಅಮೆರಿಕದ 1990ರ ಅಂಗವಿಕಲರ ಕಾಯಿದೆ, ಟಿಟಿವೈ ಬಳಸುವವರು ಮತ್ತು ಧ್ವನಿ ದೂರವಾಣಿ ಬಳಸುವವರ ನಡುವೆ ಸಂಪರ್ಕ ಕಲ್ಪಿಸುವ ಸೇವೆಯನ್ನು ದೇಶದಾದ್ಯಂತ ಒದಗಿಸಬೇಕೆಂದು ವಿಧಿಸಿತು. 1994ರ ವಿ.18 ಎಂಬ ಅಂತರರಾಷ್ಟ್ರೀಯ ಮಾನಕ, ಬೇರೆಬೇರೆ ದೇಶಗಳ ಪಠ್ಯ ದೂರವಾಣಿಗಳು ಪರಸ್ಪರ ಸಂಪರ್ಕಿಸಲು ನೆರವಾಗುವಂತೆ ರೂಪುಗೊಂಡಿತು. 2016ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಅಂತರ್ಜಾಲ ಆಧಾರಿತ ಜಾಲಗಳಲ್ಲಿ ಟಿಟಿವೈ ಬದಲು, ಬೆರಳಚ್ಚಿಸಿದ ಪ್ರತಿ ಅಕ್ಷರವೂ ಆ ಕ್ಷಣವೇ ಎದುರಿನವರಿಗೆ ಕಾಣುವ ರಿಯಲ್ ಟೈಮ್ ಟೆಕ್ಸ್ಟ್ ವಿಧಾನವನ್ನು ಬಳಸಲು ಅನುಮತಿಸಿತು. ವೈಟ್‌ಬ್ರೆಕ್ಟ್, ಮಾರ್ಸ್ಟರ್ಸ್ ಮತ್ತು ಸ್ಯಾಕ್ಸ್ ಅವರ ಪ್ರಯತ್ನಗಳ ಇತಿಹಾಸವನ್ನು ಕಿವುಡ ಲೇಖಕ ಹ್ಯಾರಿ ಜಿ. ಲ್ಯಾಂಗ್ ಅವರು 2000ದಲ್ಲಿ ಪ್ರಕಟವಾದ ‘ಎ ಫೋನ್ ಆಫ್ ಅವರ್ ಓನ್’ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ.