ಹೆಬ್ಬೆರಳು ಉಳಿಸಿಕೊಂಡ ಏಕಲವ್ಯ

ಗುರುವಿನ ಎದುರು ಕುಳಿತು ಕಲಿಯುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ದ್ರೋಣರು ಒಲ್ಲೆನೆಂದಾಗ ಏಕಲವ್ಯ ಮಣ್ಣಿನ ಮೂರ್ತಿಯೊಂದನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆ ಸಾಧಿಸಿದ. ಕೊನೆಗೆ ಬಲಗೈ ಹೆಬ್ಬೆರಳನ್ನೇ ದಕ್ಷಿಣೆಯಾಗಿ ತೆತ್ತ. ಕಳೆದ ಶತಮಾನದ ನಲವತ್ತರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಅಂಥ ಇನ್ನೊಬ್ಬ ಶಿಷ್ಯನಿದ್ದ. ಆತನ ಮುಂದಿದ್ದ ಮೂರ್ತಿಯೆಂದರೆ ಗ್ರಾಮಫೋನಿನ ಕರಿಯ ತಟ್ಟೆ. ಕಲಿಸಬೇಕಾದ ಗುರು ಅಷ್ಟು ಹೊತ್ತಿಗೆ ಬದುಕಿರಲೇ ಇಲ್ಲ. ಆದ್ದರಿಂದಲೋ ಏನೋ ಹೆಬ್ಬೆರಳು ಶಿಷ್ಯನಲ್ಲೇ ಉಳಿಯಿತು. ಆ ಒಂದು ಬೆರಳಿನಿಂದ ಆತ ಜಾಸ್ ಗಿಟಾರಿನ ದನಿಯನ್ನೇ ಬದಲಿಸಿದ. ಆತನ ಹೆಸರು ವೆಸ್ ಮಾಂಟ್ಗೊಮರಿ.

ವೆಸ್ ಹುಟ್ಟಿದ್ದು 1923ರ ಮಾರ್ಚ್ 6ರಂದು, ಕಪ್ಪು ಜನಾಂಗದ ಬಡ ಕುಟುಂಬದಲ್ಲಿ. ಅಣ್ಣ ಮಾಂಕ್ ಮುಂದೆ ಬಾಸ್ ವಾದಕನಾದ. ತಮ್ಮ ಬಡ್ಡಿ ಪಿಯಾನೊ ಮತ್ತು ವೈಬ್ರಫೋನ್ ಹಿಡಿದ. ವೆಸ್‌ಗೆ ಸುಮಾರು ಹನ್ನೆರಡು ವರ್ಷವಾಗಿದ್ದಾಗ ಅಣ್ಣ ನಾಲ್ಕು ತಂತಿಯ ಟೆನರ್ ಗಿಟಾರೊಂದನ್ನು ತಂದುಕೊಟ್ಟ. ಹುಡುಗ ಅದನ್ನು ಮೀಟುತ್ತಿದ್ದನಾದರೂ ಸಂಗೀತವೇ ಬದುಕಾದೀತೆಂಬ ಸೂಚನೆಯೇನೂ ಆಗ ಇರಲಿಲ್ಲ. ನಿಜವಾದ ದೀಕ್ಷೆ ಆದದ್ದು ಇಪ್ಪತ್ತರ ಆಸುಪಾಸಿನಲ್ಲಿ, ಮದುವೆಯಾದ ಹೊಸದರಲ್ಲಿ, ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಧ್ವನಿಮುದ್ರಿಕೆ ಕಿವಿಗೆ ಬಿದ್ದಾಗ.

ಕ್ರಿಶ್ಚಿಯನ್ ಯಾರೆಂಬುದನ್ನು ಇಲ್ಲಿ ಹೇಳಬೇಕು. ವಾದ್ಯವೃಂದಗಳಲ್ಲಿ ಗಿಟಾರ್ ಅದುವರೆಗೆ ಬಹುಮಟ್ಟಿಗೆ ಹಿಂದಿನ ಸಾಲಿನ ವಾದ್ಯವಾಗಿತ್ತು. ತುತ್ತೂರಿ, ಸ್ಯಾಕ್ಸೊಫೋನುಗಳ ಅಬ್ಬರದ ನಡುವೆ ಅದರ ಕ್ಷೀಣ ದನಿ ಲಯ ಕಾಯುವುದಕ್ಕಷ್ಟೇ ಒದಗುತ್ತಿತ್ತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಕ್ರಿಶ್ಚಿಯನ್ ವಿದ್ಯುತ್ ಗಿಟಾರಿನಲ್ಲಿ ಸ್ಯಾಕ್ಸೊಫೋನಿನಂತೆ ಉದ್ದುದ್ದನೆಯ ಸ್ವರಸಾಲುಗಳನ್ನು ಹರಿಸಿ, ವಾದ್ಯವನ್ನು ಮುಂದಿನ ಸಾಲಿಗೆ ತಂದ. 1942ರ ಮಾರ್ಚ್‌ನಲ್ಲಿ ಕ್ಷಯರೋಗ ಆತನನ್ನು ಬಲಿ ತೆಗೆದುಕೊಂಡಾಗ ವಯಸ್ಸು ಕೇವಲ 25. ಪ್ರಸಿದ್ಧಿಯ ಅವಧಿ ಮೂರು ವರ್ಷವೂ ತುಂಬಿರಲಿಲ್ಲ. ಉಳಿದದ್ದು ಧ್ವನಿಮುದ್ರಿಕೆಗಳು ಮಾತ್ರ.

ಅವುಗಳಲ್ಲೊಂದಾದ ‘ಸೋಲೊ ಫ್ಲೈಟ್’ ಕೇಳಿದ ವೆಸ್ ಆರು ತಂತಿಯ ಗಿಟಾರನ್ನೂ ದನಿವರ್ಧಕವನ್ನೂ ಕೊಂಡುತಂದ. ಸ್ವರಲಿಪಿ ಓದಲು ಬಾರದು. ಆತ ಅದನ್ನು ಕೊನೆಯವರೆಗೂ ಕಲಿಯಲಿಲ್ಲ. ಸಾಮರಸ್ಯಶಾಸ್ತ್ರದ ಹೆಸರುಗಳೂ ಗೊತ್ತಿರಲಿಲ್ಲ. ಮುಳ್ಳನ್ನು ಮತ್ತೆ ಮತ್ತೆ ತಟ್ಟೆಯ ಮೇಲಿಟ್ಟು ಒಂದೊಂದೇ ಸ್ವರವನ್ನು ಕಿವಿಯಿಂದ ಹೆಕ್ಕಿ, ತಂತಿಯ ಮೇಲೆ ಅದರ ಜಾಗ ಹುಡುಕಬೇಕಿತ್ತು. ನಮ್ಮಲ್ಲಿ ಗುರುಮುಖೇನ ಪಾಠ ಎನ್ನುತ್ತೇವೆ. ಗುರು ತಪ್ಪನ್ನು ತಿದ್ದುತ್ತಾನೆ, ಕೈ ಹಿಡಿದು ತೋರಿಸುತ್ತಾನೆ, ಒಮ್ಮೊಮ್ಮೆ ಗದರುತ್ತಾನೆ. ತಟ್ಟೆ ಇದ್ಯಾವುದನ್ನೂ ಮಾಡದು. ಅದು ಹೇಳಿದ್ದನ್ನೇ ಹೇಳುತ್ತದೆ. ಸರಿಯೋ ತಪ್ಪೋ ಎಂಬ ನಿರ್ಣಯ ಶಿಷ್ಯನ ಕಿವಿಗೇ ಬಿಟ್ಟದ್ದು. ಹೀಗೆ ಕೆಲವು ತಿಂಗಳಲ್ಲಿ ಕ್ರಿಶ್ಚಿಯನ್‌ನ ವಾದನಗಳನ್ನು ವೆಸ್ ಸ್ವರವೂ ತಪ್ಪದಂತೆ ಒಪ್ಪಿಸಬಲ್ಲವನಾದ.

ಅದರ ಬಲದ ಮೇಲೆ ಊರಿನ ಕ್ಲಬ್ಬೊಂದರಲ್ಲಿ ಕೆಲಸವೂ ದೊರೆಯಿತು. ಆದರೆ ಕೆಲಸದ ಬಗೆ ವಿಚಿತ್ರ. ವೇದಿಕೆ ಏರಿ ಕ್ರಿಶ್ಚಿಯನ್‌ನ ವಾದನಗಳನ್ನು ನುಡಿಸುವುದು, ಮುಗಿದೊಡನೆ ಇಳಿದುಬಿಡುವುದು. ಬೇರೇನೂ ಆತನಿಗೆ ಬರುತ್ತಿರಲಿಲ್ಲ. ಅನುಕರಣೆಯ ಹಾದಿಯಲ್ಲಿ ಹೋದ ಎಷ್ಟೋ ಪ್ರತಿಭಾವಂತರು ನಿಂತುಹೋಗುವುದು ಈ ಮೆಟ್ಟಿಲಿನಲ್ಲೇ. ಗುರುವಿನ ನೆರಳಾಗಿ ಸಿಗುವ ಚಪ್ಪಾಳೆ ಸುಲಭದಲ್ಲಿ ಬಿಡುವಂಥದಲ್ಲ.

ವೆಸ್‌ಗೆ ಹೊರದಾರಿ ತೋರಿಸಿದ್ದು ಒಂದು ಮನೆವಾರ್ತೆಯ ಅಡಚಣೆ. ಹಗಲೆಲ್ಲ ದುಡಿಮೆ, ಅಭ್ಯಾಸಕ್ಕೆ ರಾತ್ರಿಯೊಂದೇ. ಗಿಟಾರಿನ ತಂತಿಗಳನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಚಿಕ್ಕ ಬಿಲ್ಲೆಯಿಂದ ಮೀಟುತ್ತಾರೆ. ದನಿವರ್ಧಕದಲ್ಲಿ ಅದರ ಸದ್ದು ಗೋಡೆಯಾಚೆಗೂ ಹಾಯ್ದು ನೆರೆಹೊರೆಯವರು ಆಕ್ಷೇಪಿಸಿದರು. ಬಿಲ್ಲೆ ಬಿಟ್ಟು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಮೀಟಿದಾಗ ದನಿ ತಗ್ಗಿತು; ಜೊತೆಗೆ ದುಂಡಗಾಯಿತು, ಬೆಚ್ಚಗಾಯಿತು. ಬಿಲ್ಲೆಯ ವೇಗ ಬೆರಳಿಗೆ ಬಾರದೆಂಬುದು ಬಲ್ಲವರ ನಂಬಿಕೆ. ಸ್ವರಸಾಲುಗಳನ್ನು ಬಹುಪಾಲು ಕೆಳಮುಖದ ಮೀಟಿನಲ್ಲೇ ನುಡಿಸುತ್ತಿದ್ದರೂ ಆತನ ವೇಗಕ್ಕೆ ಕೊರತೆಯಾಗಲಿಲ್ಲ.

ಇನ್ನೊಂದು ಸಾಧನೆ ಅಷ್ಟಕದ್ದು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಸುವ ಕ್ರಮ ಫ್ರಾನ್ಸಿನ ಜಾಂಗೊ ರೈನ್‌ಹಾರ್ಟ್‌ನಂಥವರಲ್ಲಿ ಮೊದಲೇ ಇತ್ತು. ಅದು ಅಲಂಕಾರದಂತೆ ಅಲ್ಲಲ್ಲಿ ಬರುತ್ತಿತ್ತು. ಎಡಗೈಯ ಎರಡು ಬೆರಳು ಎರಡು ತಂತಿಗಳನ್ನು ಒತ್ತಬೇಕು, ನಡುವಣ ತಂತಿ ಸದ್ದಾಗದಂತೆ ಅದೇ ಕೈ ತಡೆಯಬೇಕು, ಹೆಬ್ಬೆರಳು ಎಲ್ಲವನ್ನೂ ಒಮ್ಮೆಗೇ ಸವರಬೇಕು. ಇಷ್ಟರ ನಡುವೆ ಮನೋಧರ್ಮದ ಹರಿವು ಕಡಿಯಬಾರದು. ವೆಸ್ ಈ ಕಷ್ಟದ ಕ್ರಮದಲ್ಲೇ ಮಾತಾಡುವಷ್ಟು ಸಲೀಸು ಸಾಧಿಸಿದ. ಮೊದಲು ಬಿಡಿಸ್ವರಗಳು, ಆಮೇಲೆ ಅಷ್ಟಕಗಳು, ಕೊನೆಗೆ ತುಂಬು ಸ್ವರಗುಚ್ಛಗಳು ಎಂದು ಹಂತಹಂತವಾಗಿ ಏರುವ ಆತನ ವಾದನಕ್ಕೆ ಒಂದು ಕಟ್ಟಡದ ಸ್ವರೂಪವಿದೆ.

ಈ ವಿದ್ಯೆಗೆ ಬಹುಕಾಲ ಬೆಲೆ ಬರಲಿಲ್ಲ. 1948ರಿಂದ ಎರಡು ವರ್ಷ ಲಯೊನೆಲ್ ಹ್ಯಾಂಪ್ಟನ್ ತಂಡದೊಡನೆ ಊರೂರು ಸುತ್ತಿದ ವೆಸ್ ಮನೆಯ ಸೆಳೆತ ತಾಳದೆ ಹಿಂದಿರುಗಿದ. ದೊಡ್ಡ ಸಂಸಾರ ಸಾಕಬೇಕಿತ್ತು. ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಕಾರ್ಖಾನೆ. ರಾತ್ರಿ 9ರಿಂದ 2ರವರೆಗೆ ಒಂದು ಬಾರಿನಲ್ಲಿ ವಾದನ. ಅಲ್ಲಿಂದ ಇನ್ನೊಂದು ಕ್ಲಬ್ಬಿಗೆ ಹೋಗಿ ನಸುಕಿನ 5ರವರೆಗೆ ವಾದನ. ದೇಹ ಇದರ ಲೆಕ್ಕವನ್ನು ಮುಂದೆ ಕೇಳದೆ ಬಿಡಲಿಲ್ಲ.

1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಆ ಕ್ಲಬ್ಬಿನಲ್ಲಿ ವೆಸ್‌ನನ್ನು ಕೇಳಿ ಬೆರಗಾಗಿ, ನ್ಯೂಯಾರ್ಕಿನ ರಿವರ್‌ಸೈಡ್ ಸಂಸ್ಥೆಯ ಆರಿನ್ ಕೀಪ್‌ನ್ಯೂಸ್‌ಗೆ ಸುದ್ದಿ ಮುಟ್ಟಿಸಿದ. ಕೀಪ್‌ನ್ಯೂಸ್ ಸ್ವತಃ ಬಂದು ಕೇಳಿ ಒಪ್ಪಂದ ಮಾಡಿಕೊಂಡ. 1960ರ ಜನವರಿಯಲ್ಲಿ ಮುದ್ರಿತವಾದ ‘ದಿ ಇನ್‌ಕ್ರೆಡಿಬಲ್ ಜಾಸ್ ಗಿಟಾರ್ ಆಫ್ ವೆಸ್ ಮಾಂಟ್ಗೊಮರಿ’ ಕ್ರಿಶ್ಚಿಯನ್‌ನ ನಂತರದ ದೊಡ್ಡ ಘಟನೆಯೆನಿಸಿತು. ಆಗ ವೆಸ್‌ಗೆ 36 ವರ್ಷ. ಗುರು ತೀರಿಕೊಂಡ ವಯಸ್ಸಿಗಿಂತ ಹನ್ನೊಂದು ವರ್ಷ ತಡವಾಗಿ ಶಿಷ್ಯನ ಬೆಳಗು ಹರಿದಿತ್ತು.

ಹಣ ಬಂದದ್ದು 1964ರ ನಂತರ, ನಿರ್ಮಾಪಕ ಕ್ರೀಡ್ ಟೇಲರ್ ಜೊತೆಯಲ್ಲಿ. ಜನಪ್ರಿಯ ಹಾಡುಗಳ ಧಾಟಿ, ಹಿಂದೆ ಪಿಟೀಲುಗಳ ಮೇಳ, ಮುಂದೆ ಅಷ್ಟಕಗಳಲ್ಲಿ ವೆಸ್. 1967ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿತು; ಅದೇ ವರ್ಷದ ‘ಎ ಡೇ ಇನ್ ದಿ ಲೈಫ್’ ಭರ್ಜರಿಯಾಗಿ ಮಾರಾಟವಾಯಿತು. ಕಲಾವಿದ ತನ್ನನ್ನು ಮಾರಿಕೊಂಡನೆಂದು ವಿಮರ್ಶಕರು ಜರೆದರು. ಆ ಧ್ವನಿಮುದ್ರಿಕೆಗಳಲ್ಲಿ ಮನೋಧರ್ಮಕ್ಕೆ ಅವಕಾಶ ಕಡಿಮೆಯೆಂಬುದು ನಿಜ. ಆದರೆ ವರ್ಷಗಟ್ಟಲೆ ಕಾರ್ಖಾನೆ ಮತ್ತು ಕ್ಲಬ್ಬಿನ ನಡುವೆ ನಿದ್ರೆಗೆಟ್ಟವನೊಬ್ಬ ಮಕ್ಕಳಿಗೆ ನೆಮ್ಮದಿಯ ಮನೆ ಬಯಸಿದರೆ ಅದನ್ನು ಪಾಪವೆನ್ನಲು ಹೊಟ್ಟೆ ತುಂಬಿದವರಿಗೆ ಎಷ್ಟು ಅಧಿಕಾರವಿದೆ? 1965ರ ‘ಸ್ಮೋಕಿನ್ ಅಟ್ ದಿ ಹಾಫ್ ನೋಟ್’ ಕೇಳಿದರೆ ಒಳಗಿನ ಕಿಡಿ ಆರಿರಲಿಲ್ಲವೆಂಬುದು ತಿಳಿಯುತ್ತದೆ.

1968ರ ಜೂನ್ 15ರಂದು ಹುಟ್ಟೂರಿನಲ್ಲೇ ಹೃದಯಾಘಾತದಿಂದ ವೆಸ್ ತೀರಿಕೊಂಡಾಗ ವಯಸ್ಸು 45. ಸುಖದ ದಿನಗಳು ನಾಲ್ಕು ವರ್ಷಕ್ಕೆ ಮುಗಿದವು. ಹೀಗೆ ನೋಡಿದರೆ ಆತನೂ ದಕ್ಷಿಣೆ ಕೊಡದೆ ಹೋಗಲಿಲ್ಲ. ಅದನ್ನು ಪಡೆದದ್ದು ಮಾತ್ರ ಬಡತನ.

ಆತನ ತಟ್ಟೆಗಳು ಮತ್ತೆ ಗುರುಪೀಠವಾದವು. ಜಾರ್ಜ್ ಬೆನ್ಸನ್ ಅಷ್ಟಕಗಳನ್ನು ಮುಂದುವರಿಸಿದರು. ಪ್ಯಾಟ್ ಮೆಥೀನಿ ಹದಿವಯಸ್ಸಿನಲ್ಲಿ ವೆಸ್‌ನಂತೆಯೇ ನುಡಿಸಲು ಹೆಣಗಿ, ಅದು ಆತನೊಬ್ಬನ ಸೊತ್ತೆಂದು ಅರಿವಾದೊಡನೆ ಆ ಶೈಲಿಯನ್ನು ಬೇಕೆಂದೇ ಕೈಬಿಟ್ಟರು. ಗುರುವನ್ನು ಗೌರವಿಸುವ ಎರಡು ಬಗೆಗಳಿವು. 2012ರಲ್ಲಿ ಆತನ ಆರಂಭದ ದಿನಗಳ ಧ್ವನಿಮುದ್ರಣಗಳೂ 2018ರಲ್ಲಿ 1965ರ ಪ್ಯಾರಿಸ್ ಕಛೇರಿಯೂ ಹೊರಬಂದಾಗ ಹೊಸ ಪೀಳಿಗೆ ಮತ್ತೆ ಕಿವಿಗೊಟ್ಟಿತು.

ಇಂದು ಯಾವ ವಾದಕನ ಬೆರಳು ಯಾವ ತಂತಿಯ ಮೇಲಿದೆಯೆಂದು ಅಂಗೈಯ ಪರದೆಯಲ್ಲೇ ನಿಧಾನಗತಿಯಲ್ಲಿ ನೋಡಬಹುದು. ಹುಡುಕುವ ಶ್ರಮ ಉಳಿದಿದೆ. ಹುಡುಕುವಾಗ ಕಿವಿಗೆ ಆಗುತ್ತಿದ್ದ ತಾಲೀಮು ಮಾತ್ರ ತಪ್ಪಿದೆ. ವೆಸ್ ತಟ್ಟೆಯಿಂದ ಕಲಿತದ್ದು ಕ್ರಿಶ್ಚಿಯನ್‌ನ ಸ್ವರಗಳನ್ನಾದರೂ, ಕೊನೆಗೆ ಕೈಗೆ ದಕ್ಕಿದ್ದು ಕೇಳುವ ಶಕ್ತಿ. ನೆರೆಯವರ ನಿದ್ದೆ ಕೆಡದಿರಲೆಂದು ತಗ್ಗಿಸಿದ ದನಿಯೊಳಗೆ ತನ್ನದೇ ದನಿ ಅಡಗಿದೆಯೆಂದು ಗುರುತಿಸಿದ್ದು ಆ ಕಿವಿಯೇ.