ವೇತನವಿಲ್ಲದ ಅಗ್ನಿಸೇವೆಗೆ ಬುನಾದಿ ಹಾಕಿದ ಫ್ರಾಂಕ್ಲಿನ್

ಮಿಂಚುವಾಹಕವನ್ನು ಕಂಡುಹಿಡಿದ ವಿಜ್ಞಾನಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮುತ್ಸದ್ದಿ ಎಂದೇ ಬೆಂಜಮಿನ್ ಫ್ರಾಂಕ್ಲಿನ್ ನಮಗೆ ಪರಿಚಿತರು. ಸಂಬಳವಿಲ್ಲದೆ ಬೆಂಕಿ ನಂದಿಸುವ ಸ್ವಯಂಸೇವಕ ಪಡೆಗಳಿಗೆ ಆ ದೇಶದಲ್ಲಿ ಬುನಾದಿ ಹಾಕಿದವರೂ ಅವರೇ. ಹೀಗೆ ದುಡಿದವರ ಮುಪ್ಪಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಮಾತ್ರ ಅಮೆರಿಕ ಉತ್ತರ ಹುಡುಕತೊಡಗಿದ್ದು ಅವರ ಕಾಲಾನಂತರ.

1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದ ಫ್ರಾಂಕ್ಲಿನ್, ಮೇಣದಬತ್ತಿ ಮತ್ತು ಸಾಬೂನು ತಯಾರಿಸುತ್ತಿದ್ದ ತಂದೆಯ 17 ಮಕ್ಕಳಲ್ಲಿ 15ನೆಯವರು. ಶಾಲೆಯ ಓದು ಎರಡೇ ವರ್ಷಕ್ಕೆ ನಿಂತಿತು. 12ನೇ ವಯಸ್ಸಿನಲ್ಲಿ ಅಣ್ಣ ಜೇಮ್ಸ್‌ನ ಮುದ್ರಣಾಲಯ ಸೇರಿದರು. 1722ರಲ್ಲಿ ಸೈಲೆನ್ಸ್ ಡುಗುಡ್ ಎಂಬ ಕಲ್ಪಿತ ವಿಧವೆಯ ಹೆಸರಿನಲ್ಲಿ ಅಣ್ಣನ ಪತ್ರಿಕೆಗೆ ಅವರು ಗುಟ್ಟಾಗಿ ಪತ್ರಗಳನ್ನು ಬರೆದರು. ಸದಸ್ಯರ ವಂತಿಗೆಯಿಂದ ನಿಧಿ ಕೂಡಿಸಿ ವಿಧವೆಯರಿಗೆ ನೆರವಾಗಬೇಕೆಂಬ ಸಲಹೆ ಅವುಗಳಲ್ಲೊಂದರಲ್ಲಿದೆ. ಡೇನಿಯಲ್ ಡಿಫೋನ ಬರಹದಿಂದ ಈ ಯೋಜನೆಯನ್ನು ಎತ್ತಿಕೊಂಡ ಆ ಹುಡುಗನಿಗೆ ಆಗಿನ್ನೂ 16ರ ಹರೆಯ.

ಮರುವರ್ಷ ಅಣ್ಣನೊಡನೆ ಮುನಿಸಿಕೊಂಡು ಫಿಲಡೆಲ್ಫಿಯಾ ತಲುಪಿದ ಫ್ರಾಂಕ್ಲಿನ್, 1729ರಲ್ಲಿ ಪೆನ್ಸಿಲ್ವೇನಿಯಾ ಗೆಜೆಟ್ ಪತ್ರಿಕೆಯ ಒಡೆಯರಾದರು. ಬೆಂಕಿ ಅವಘಡ ತಡೆಯುವ ಬಗೆಯನ್ನು ವಿವರಿಸಿ 1735ರಲ್ಲಿ ಅದೇ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. 1736ರ ಡಿಸೆಂಬರ್ 7ರಂದು ಯೂನಿಯನ್ ಫೈರ್ ಕಂಪನಿ ಸ್ಥಾಪನೆಯಾಯಿತು. ಸದಸ್ಯರ ಸಂಖ್ಯೆಗೆ 30ರ ಮಿತಿಯಿತ್ತು. ನೀರು ಹೊರಲು ತೊಗಲಿನ ಬಕೆಟ್‌ಗಳನ್ನೂ ಸಾಮಾನು ಸಾಗಿಸಲು ಚೀಲಗಳನ್ನೂ ಪ್ರತಿಯೊಬ್ಬರೂ ಸ್ವಂತ ಖರ್ಚಿನಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕಿತ್ತು. ಮಾಸಿಕ ಸಭೆಗೆ ತಪ್ಪಿಸಿಕೊಂಡವರಿಗೆ ದಂಡ ಬೀಳುತ್ತಿತ್ತು. ಆ ಹಣದಿಂದಲೇ ಅಗ್ನಿಶಾಮಕ ಯಂತ್ರ, ಏಣಿ, ಕೊಕ್ಕೆಗಳ ಖರೀದಿ. ಇದೇ ಮಾದರಿಯಲ್ಲಿ ನಗರದಲ್ಲಿ ಇನ್ನಷ್ಟು ಕಂಪನಿಗಳು ಹುಟ್ಟಿಕೊಂಡವು.

1752ರಲ್ಲಿ ಫ್ರಾಂಕ್ಲಿನ್ ಮತ್ತು ಅವರ ಅಗ್ನಿಶಾಮಕ ಸಂಗಾತಿಗಳು ಫಿಲಡೆಲ್ಫಿಯಾ ಕಾಂಟ್ರಿಬ್ಯೂಷನ್‌ಶಿಪ್ ಎಂಬ ಪರಸ್ಪರ ವಿಮಾ ಸಂಸ್ಥೆಯನ್ನು ಕಟ್ಟಿದರು. ಸುಟ್ಟ ಮನೆಗೆ ಪರಿಹಾರ ದೊರೆಯುವಂತಾಯಿತು. ಬೆಂಕಿ ನಂದಿಸಿದವನ ಬಾಳಿಗೆ ಅಂಥ ಭದ್ರತೆ ಒದಗಲಿಲ್ಲ.

ತಮ್ಮ ನಿವೃತ್ತಿಯ ವಿಚಾರದಲ್ಲಿ ಫ್ರಾಂಕ್ಲಿನ್ ಬಹಳ ಮುಂದಾಲೋಚನೆ ತೋರಿದ್ದರು. 1748ರಲ್ಲಿ, 42ನೇ ವಯಸ್ಸಿನಲ್ಲಿ, ಮುದ್ರಣಾಲಯವನ್ನು ಪಾಲುದಾರ ಡೇವಿಡ್ ಹಾಲ್‌ಗೆ ವಹಿಸಿ, 18 ವರ್ಷ ಲಾಭದ ಅರ್ಧ ಪಾಲು ತಮಗೆ ಬರುವಂತೆ ಕರಾರು ಮಾಡಿಕೊಂಡರು. ವಿಜ್ಞಾನಕ್ಕೂ ಸಾರ್ವಜನಿಕ ಕಾರ್ಯಕ್ಕೂ ಬಿಡುವು ಒದಗಿಸಿದ್ದು ಈ ಆದಾಯವೇ. 1787ರ ಸಂವಿಧಾನ ಸಭೆಯಲ್ಲಿ, 81ರ ಇಳಿವಯಸ್ಸಿನಲ್ಲಿ, ದೇಶದ ಕಾರ್ಯಾಂಗದ ಮುಖ್ಯಸ್ಥರಿಗೆ ಸಂಬಳವೇ ಬೇಡವೆಂದು ಅವರು ಸೂಚಿಸಿದರು. ಸಭೆ ಅದನ್ನು ಅಂಗೀಕರಿಸಲಿಲ್ಲ. ವೇತನವಿಲ್ಲದ ಸೇವೆ ಅನುಕೂಲಸ್ಥರಿಗೆ ಮಾತ್ರ ಸುಲಭ ಎಂಬ ಸತ್ಯಕ್ಕೆ ಅವರ ಬದುಕೇ ನಿದರ್ಶನ.

1790ರ ಏಪ್ರಿಲ್ 17ರಂದು ಫ್ರಾಂಕ್ಲಿನ್ ನಿಧನರಾದರು. ಫಿಲಡೆಲ್ಫಿಯಾದಲ್ಲಿ 1871ರಲ್ಲಿ ಸಂಬಳದ ಅಗ್ನಿಶಾಮಕ ಇಲಾಖೆ ಬಂದರೂ ಸಣ್ಣ ಊರುಗಳು ಸ್ವಯಂಸೇವಕರನ್ನೇ ನೆಚ್ಚಿಕೊಂಡವು. 2020ರಲ್ಲಿ ಅಮೆರಿಕದ ಅಗ್ನಿಶಾಮಕರಲ್ಲಿ ಶೇ 65ರಷ್ಟು ಮಂದಿ ಸ್ವಯಂಸೇವಕರೇ ಆಗಿದ್ದರು.

ಇವರ ಮುಪ್ಪಿಗೆ ಆಸರೆಯಾಗಿ ಹಲವು ರಾಜ್ಯಗಳಲ್ಲಿ ಸೇವಾವಧಿ ಪುರಸ್ಕಾರ ಯೋಜನೆಗಳು ಬಂದಿವೆ. 1996ರ ಫೆಡರಲ್ ಕಾನೂನು ಒಂದು ವರ್ಷದ ಸೇವೆಗೆ ಗರಿಷ್ಠ 3,000 ಡಾಲರ್ ಮೌಲ್ಯದ ಸೌಲಭ್ಯಕ್ಕೆ ತೆರಿಗೆ ನಿಯಮದಲ್ಲಿ ಅನುಕೂಲ ಕಲ್ಪಿಸಿತು. 2018ರಿಂದ ಈ ಮಿತಿ 6,000 ಡಾಲರ್‌ಗೆ ಏರಿ, ಬಳಿಕ ಹಣದುಬ್ಬರಕ್ಕೆ ಹೊಂದಿಕೊಂಡಿತು. ಆದರೆ ಹಣ ಕೂಡಿಸಬೇಕಾದುದು ಸ್ಥಳೀಯ ಆಡಳಿತ. ನ್ಯೂಯಾರ್ಕ್ ರಾಜ್ಯದಲ್ಲಿ ಇದಕ್ಕೆ ಮತದಾರರ ಒಪ್ಪಿಗೆಯೂ ಬೇಕು. ಹೀಗಾಗಿ ಒಂದೂರಿನ ಸ್ವಯಂಸೇವಕನಿಗೆ ದೊರೆಯುವ ಪಿಂಚಣಿ ಪಕ್ಕದೂರಿನವನಿಗೆ ದೊರೆಯದಿರಬಹುದು.

ಅನೇಕ ಕಡೆ ಬೆಂಕಿ ಕರೆಗೆ ಓಗೊಟ್ಟರೆ, ತರಬೇತಿಗೆ ಹಾಜರಾದರೆ ಅಂಕ ಸಿಗುತ್ತದೆ. ಅಂಕ ಸಾಲುವಷ್ಟಾದರೆ ಆ ವರ್ಷ ಪಿಂಚಣಿ ಲೆಕ್ಕಕ್ಕೆ ಸೇರುತ್ತದೆ. ಫ್ರಾಂಕ್ಲಿನ್ನರ ಕಂಪನಿ ಗೈರುಹಾಜರಿಗೆ ದಂಡ ಹಾಕುತ್ತಿತ್ತು. ಹಾಜರಾತಿಗೂ ಬೆಲೆ ಕಟ್ಟಬೇಕೆಂಬ ಅರಿವು ಮೂಡಲು ಎರಡು ಶತಮಾನಗಳೇ ಹಿಡಿದವು.